ಬೀಸುಕಲ್ಲಿನ ಹೊತ್ತು

(ಹಂಸಭಾವಿಯಲ್ಲಿ ವಿದ್ಯಾರ್ಥಿಗಳು ಹಾಗೂ ಊರ ಹಿರಿಯರ ಮುಂದೆ ಮಾಡಿದ ಭಾಷಣದ ಬರಹರೂಪ)



‘ಕಾಲದ ಸದುಪಯೋಗ’ ಎಂಬ ವಿಷಯವನ್ನು ನನಗೆ ಕೊಟ್ಟಿದ್ದೀರಿ. ನನ್ನ ಕಾಲವನ್ನು ನಾನು ಹೇಗೆ ಕಳೆದೆನೆಂಬುದನ್ನು ವಿಚಾರಿಸಿದ್ದರೆ ಬೇರೆ ಯಾರನ್ನಾದರೂ ಕರೆಯುತ್ತಿದ್ದಿರಿ ಎಂದು ತೋರುತ್ತದೆ. ಅದಿರಲಿ. ಉಪದೇಶ ಮಾಡುವ ಅಧಿಕಾರ ನನಗಿಲ್ಲ. ನಮ್ಮ ಭಾಗದ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ನಾವು ಸಮಯಕ್ಕೆ ‘ಹೊತ್ತು’ ಎನ್ನುತ್ತೇವೆ. ಸೂರ್ಯನಿಗೂ ಹೊತ್ತು ಎಂದೇ ಅನ್ನುತ್ತೇವೆ. ‘ಹೊತ್ತು ಮುಳುಗಿತು’ ಎಂದರೆ ಸೂರ್ಯ ಮುಳುಗಿದ, ‘ಹೊತ್ತಾಯಿತು’ ಎಂದರೆ ತಡವಾಯಿತು. ಕಣ್ಣಿಗೆ ಕಾಣುವ ಸೂರ್ಯನನ್ನೂ ಕಾಣದ ಕಾಲವನ್ನೂ ಒಂದೇ ಮಾತಿನಲ್ಲಿ ಹಿಡಿದ ಜನ ನಮ್ಮವರು. ಗಡಿಯಾರ ಬರುವ ಮೊದಲು ಅವರು ಕಾಲವನ್ನು ಅಳೆಯುತ್ತಿರಲಿಲ್ಲವೆಂದು ತಿಳಿಯಬೇಡಿ. ತಳದಲ್ಲಿ ಸಣ್ಣ ತೂತುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ ಇಂದಿನ ಲೆಕ್ಕದಲ್ಲಿ 24 ನಿಮಿಷ. ಇಂತಹ 60 ಗಳಿಗೆ ಸೇರಿ ಒಂದು ದಿನ. ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರಗಳ ಒಂದು ಸುತ್ತು. ಅರವತ್ತು ತುಂಬಿದವನಿಗೆ ತಾನು ಹುಟ್ಟಿದ ಸಂವತ್ಸರದ ಹೆಸರು ಮತ್ತೆ ಎದುರಾಗುತ್ತದೆ. ನನಗೆ ಅದು ಎದುರಾಗಿ ಕೆಲವು ವರ್ಷಗಳಾದವು. ಹಳೆಯ ಪರಿಚಯದವನೊಬ್ಬ ಬಾಗಿಲಲ್ಲಿ ನಿಂತು, ‘ಏನ್ಪಾ, ಇಷ್ಟು ದಿನ ಏನ್ ಮಾಡಿದಿ?’ ಎಂದು ಕೇಳಿದಂತಿತ್ತು.

ಒಕ್ಕಲುತನ ಮಾಡುವವರ ಲೆಕ್ಕ ಇನ್ನೂ ಬೇರೆ. ಅವರ ವರ್ಷ ನಡೆಯುವುದು ಮಳೆಗಳ ಹೆಸರಿನಲ್ಲಿ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಹದಿಮೂರು–ಹದಿನಾಲ್ಕು ದಿನಕ್ಕೊಂದು ಮಳೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವಷ್ಟು ಕಾಲ ಆ ಹೆಸರಿನ ಮಳೆ. ಈ ಲೆಕ್ಕದಲ್ಲಿ ‘ಸಮಯ ಉಳಿಸುವುದು’ ಎಂಬ ಮಾತಿಗೆ ಅರ್ಥವೇ ಇಲ್ಲ. ಬಿತ್ತುವ ಹೊತ್ತಿಗೆ ಬಿತ್ತಬೇಕು, ಅಷ್ಟೆ. ಮೃಗಶಿರಾವನ್ನು ಉಳಿಸಿಟ್ಟು ದೀಪಾವಳಿಗೆ ಬಳಸಲು ಬಾರದು!

ಈಗ ವಿವೇಕದ ಮಾತಿಗೆ ಬರುತ್ತೇನೆ. ನಮ್ಮ ಸೀಮೆಗೆ ವಿವೇಕವೆಂದರೆ ಸರ್ವಜ್ಞ. ತಾಯಿಯ ಊರು ಇಲ್ಲೇ ಹತ್ತಿರದ ಅಬಲೂರು, ತಂದೆಯ ಊರು ಮಾಸೂರು ಎಂಬುದು ಪರಂಪರೆಯ ಮಾತು. ಅವನ ಕಾಲವನ್ನು ವಿದ್ವಾಂಸರು ಖಚಿತವಾಗಿ ಗೊತ್ತುಮಾಡಿಲ್ಲ. ಹದಿನಾರು–ಹದಿನೇಳನೆಯ ಶತಮಾನವೆಂದು ಸಾಮಾನ್ಯವಾಗಿ ಹೇಳುತ್ತಾರೆ. 2009ರಲ್ಲಿ ಚೆನ್ನೈಯಲ್ಲಿ ಅವನ ಪ್ರತಿಮೆಯೂ, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯೂ ಅನಾವರಣಗೊಂಡವು. ಮನೆಯಿಲ್ಲದೆ ಊರೂರು ತಿರುಗಿದವನೆಂದು ಜನ ನಂಬುವ ಒಬ್ಬ ಮನುಷ್ಯ, ಲೋಕದ ಕಣ್ಣಿಗೆ ಕಾಲಹರಣ ಮಾಡಿದವನೇ ಸರಿ. ಅವನನ್ನು ಇಂದು ಸಂದರ್ಶನಕ್ಕೆ ಕರೆದರೆ ಯಾವ ಕಚೇರಿಯೂ ಕೆಲಸಕ್ಕೆ ಇಟ್ಟುಕೊಳ್ಳಲಾರದು.

ಆದರೆ ನಾನು ಹೇಳಬೇಕೆಂದಿರುವುದು ಸರ್ವಜ್ಞನ ವಿಷಯವಲ್ಲ, ಅವನಿಗಾಗಿ ತಮ್ಮ ಆಯುಷ್ಯದ ಒಂದು ಭಾಗವನ್ನು ಕೊಟ್ಟವರ ವಿಷಯ. ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಬಾಸೆಲ್ ಮಿಶನ್ನಿನ ಪಾದ್ರಿಗಳು. ಹೊಟ್ಟೆಪಾಡಿನ ಕೆಲಸ ಅದು, ಅದರ ಹೊಣೆಯೂ ಕಡಿಮೆಯದಲ್ಲ. ಅದರ ನಡುವೆ ವರ್ಷಗಟ್ಟಲೆ ಓಲೆಗರಿ, ಕಾಗದದ ಪ್ರತಿಗಳನ್ನು ಹುಡುಕಿದರು, ಜನರ ಬಾಯಲ್ಲಿದ್ದುದನ್ನು ಕೇಳಿ ಬರೆದುಕೊಂಡರು, ಪಾಠಗಳನ್ನು ಹೋಲಿಸಿದರು. ಸುಮಾರು ಎರಡು ಸಾವಿರ ತ್ರಿಪದಿಗಳ ಸಂಗ್ರಹ 1924ರಲ್ಲಿ ಅಚ್ಚಾದಾಗ ಅವರು ನಲವತ್ತು ದಾಟಿದ್ದರು. ಅಷ್ಟರಲ್ಲಿ ಒಂದು ಮಾತೂ ಅವರದಲ್ಲ! ತನ್ನದಲ್ಲದ ಮಾತಿಗೆ, ತನ್ನ ಧರ್ಮದವನಲ್ಲದ ಕವಿಗೆ ಒಬ್ಬ ಮನುಷ್ಯ ಇಷ್ಟು ಹೊತ್ತು ಕೊಟ್ಟ. ಕನ್ನಡಿಗರು 1949ರಲ್ಲಿ ಅವರನ್ನು ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಮಾಡಿದರು. 1962ರಲ್ಲಿ ಅವರು ತೀರಿಕೊಂಡರು.

ಆ ಎರಡು ಸಾವಿರವೂ ಸರ್ವಜ್ಞನವೇ? ಅಲ್ಲವೆಂದು ಬಲ್ಲವರು ಹೇಳುತ್ತಾರೆ. ಎಷ್ಟೋ ಜನ ತಮ್ಮ ಅನುಭವವನ್ನು ಮೂರು ಸಾಲಿಗೆ ಹೊಂದಿಸಿ ಕೊನೆಗೆ ಅವನ ಅಂಕಿತ ಸೇರಿಸಿರಬೇಕು. ಇದನ್ನು ಕೆಲವರು ಕಲಬೆರಕೆ ಎನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ತನ್ನ ಜಾಣತನಕ್ಕೆ ತನ್ನ ಹೆಸರು ಹಾಕಿಕೊಳ್ಳದವರು ಇಂದು ಎಷ್ಟು ಮಂದಿ ಸಿಕ್ಕಾರು?

ಈ ತ್ರಿಪದಿ ಬಹಳ ಹಳೆಯ ಮಟ್ಟು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು 700ರ ಹೊತ್ತಿಗೇ, ಅದು ಕಲ್ಲಿನ ಮೇಲೆ ಬಂದಿದೆ. ಇನ್ನೊಂದು ಕಲ್ಲಿನ ಮೇಲೆಯೂ ಅದು ಬದುಕಿತ್ತು. ಅದು ಬೀಸುಕಲ್ಲು. ನಸುಕಿನಲ್ಲಿ ಎದ್ದು ಜೋಳ ಬೀಸುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದುದು ತ್ರಿಪದಿಯನ್ನೇ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಅವನ್ನು ಕೂಡಿಸಿ ‘ಗರತಿಯ ಹಾಡು’ ಎಂದು 1931ರಲ್ಲಿ ಪ್ರಕಟಿಸಿದರು.

ನಮ್ಮ ಅಜ್ಜಿಯೂ ಹಾಡುತ್ತಿದ್ದಳು. ನಾನು ಕಂಬಳಿಯೊಳಗೆ ಅರೆನಿದ್ದೆಯಲ್ಲಿ ಕೇಳುತ್ತಿದ್ದೆ. ಕಲ್ಲಿನ ಗರಗರ ಸಪ್ಪಳದ ಮೇಲೆ ಅಜ್ಜಿಯದೊಂದು ಸಾಲು, ಎದುರಿಗೆ ಕುಳಿತ ನಮ್ಮವ್ವನದೊಂದು ಸಾಲು. ತೀರಿಹೋದ ಮಗಳ ಹೆಸರು, ತವರಿನ ಹಾದಿ, ಬಾರದ ಮಳೆ ಎಲ್ಲವೂ ಅದರಲ್ಲಿ ಬರುತ್ತಿತ್ತು. ಹಗಲಿನಲ್ಲಿ ಅಜ್ಜಿ ಆ ಮಗಳ ಮಾತನ್ನು ಆಡಿದ್ದನ್ನು ನಾನು ಕೇಳಿಲ್ಲ. ಬಳಿಕ ಊರಿಗೆ ಹಿಟ್ಟಿನ ಗಿರಣಿ ಬಂತು. ನಮ್ಮವ್ವನ ರಟ್ಟೆಗೆ ಸುಖವಾಯಿತು. ಇದನ್ನು ಒತ್ತಿ ಹೇಳುತ್ತೇನೆ. ಬೀಸುವ ಕಷ್ಟ ಕಾಣದ ಗಂಡಸರು ಬೀಸುಕಲ್ಲಿನ ದಿನಗಳನ್ನು ಹೊಗಳುವುದು ನನಗೆ ಸರಿಕಾಣುವುದಿಲ್ಲ. ದಿನಕ್ಕೆ ಎರಡು ತಾಸು ಉಳಿಯಿತು. ಹಾಡು ನಿಂತಿತು.

ಕಾಲೇಜಿನಲ್ಲಿ ನಾನು ಉತ್ತಂಗಿಯವರ ಸಂಗ್ರಹ ಓದಿದೆ, ಹಲಸಂಗಿಯವರ ಪುಸ್ತಕ ಓದಿದೆ, ಪರೀಕ್ಷೆಯಲ್ಲಿ ಪ್ರಬಂಧ ಬರೆದು ಒಳ್ಳೆಯ ಅಂಕ ಪಡೆದೆ. ರಜೆಗೆ ಊರಿಗೆ ಹೋದಾಗಲೆಲ್ಲ ಅಜ್ಜಿ ಪಡಸಾಲೆಯಲ್ಲೇ ಕುಳಿತಿರುತ್ತಿದ್ದಳು. ಬರೆದುಕೊಳ್ಳಬೇಕು ಎಂದುಕೊಂಡೆ. ಮುಂದಿನ ರಜೆಗೆ ಎಂದುಕೊಂಡೆ. ನೌಕರಿ ಸಿಗಲಿ ಎಂದುಕೊಂಡೆ. ಮನುಷ್ಯನ ಆಯುಷ್ಯ ಚಿಕ್ಕದಲ್ಲ, ನಾವೇ ಅದನ್ನು ಚೆಲ್ಲಿ ಚಿಕ್ಕದು ಮಾಡುತ್ತೇವೆ ಎಂದು ರೋಮಿನ ಸೆನೆಕಾ ಎರಡು ಸಾವಿರ ವರ್ಷಗಳ ಹಿಂದೆಯೇ ವಾದಿಸಿದ್ದ. ಅದನ್ನೂ ನಾನು ಓದಿದ್ದೆ. ಓದಿದ್ದಕ್ಕೇನೂ ಕೊರತೆಯಿರಲಿಲ್ಲ.

ಕೊನೆಗೊಮ್ಮೆ ವಹಿ ಹಿಡಿದು ಅಜ್ಜಿಯ ಮುಂದೆ ಕುಳಿತೆ. ಅವಳಿಗೆ ಎಂಬತ್ತರ ಹತ್ತಿರ. ಬಹಳ ಹೊತ್ತು ಯೋಚಿಸಿ, ‘ತಮ್ಮಾ, ಕೈ ತಿರುಗಿದ್ರ ಹಾಡು ಬರ್ತಾವು. ಸುಮ್ನ ಕುಂತ್ರ ಎಲ್ಲಿಂದ ಬರಬೇಕು?’ ಎಂದಳು. ಹಿತ್ತಲಿಗೆ ಹೋಗಿ ಕಲ್ಲನ್ನು ಹುಡುಕಿದೆ. ಕೆಳಗಿನ ಹೋಳು ದನಕ್ಕೆ ನೀರಿಡುವ ಕಡೆ ಮೆಟ್ಟಿಲಾಗಿತ್ತು, ಮೇಲಿನದು ಸಿಗಲಿಲ್ಲ. ತಿರುಗಿ ಬಂದಾಗ ಅಜ್ಜಿ ಬಲಗೈಯನ್ನು ಬರಿ ನೆಲದ ಮೇಲೆ ಮೆಲ್ಲಗೆ ಸುತ್ತಿಸುತ್ತಿದ್ದಳು. ತುಟಿ ಅಲುಗುತ್ತಿತ್ತು. ಒಂದೂವರೆ ಪದ ಬರೆದುಕೊಂಡೆ. ಆ ವಹಿ ನನ್ನ ಹತ್ತಿರ ಇದೆ. ಉಳಿದ ಹಾಳೆಗಳೆಲ್ಲ ಖಾಲಿ.

ಇಲ್ಲಿ ಕುಳಿತಿರುವ ನಿಮ್ಮಲ್ಲಿ ಕೆಲವರ ಮನೆಯಲ್ಲಿ ಅಜ್ಜಿ ಇನ್ನೂ ಇದ್ದಾರು. ಸಂಜೆಯ ಬಸ್ಸಿಗೆ ಹೊತ್ತಾಗುತ್ತದೆ ಎಂದು ಹಿಂದಿನ ಸಾಲಿನವರು ಆಗಲೇ ಚೀಲ ಹೆಗಲಿಗೇರಿಸಿದ್ದಾರೆ. ಹೋಗಿ ಬನ್ನಿ.