ಜೀರ್ಣಗೃಹೋದ್ಧಾರ

(ಶ್ರೀಮಠದ ಸುವರ್ಣಮಹೋತ್ಸವದ ಎರಡನೆಯ ದಿನದ ಶರಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ನಿನ್ನೆಯ ದಿನ ಇದೇ ವೇದಿಕೆಯಿಂದ ಅಷ್ಟಾವರಣವನ್ನೂ ಷಟ್‌ಸ್ಥಲವನ್ನೂ ಕುರಿತು ಪಂಡಿತರು ಗಂಭೀರವಾದ ಉಪನ್ಯಾಸಗಳನ್ನು ಮಾಡಿದರು. ಇಂದು ನನಗೆ ಶ್ರೀಗಳವರು ಅಪ್ಪಣೆ ಕೊಡಿಸಿರುವ ವಿಷಯವಾದರೋ ಕಲ್ಲು, ಮಣ್ಣು, ಸುಣ್ಣ, ಕಟ್ಟಿಗೆಗಳದು. ಶ್ರೀಮಠದ ಬಲಮಗ್ಗುಲಿನ ಹಿರಿಯ ಮನೆಯನ್ನು ನೀವೆಲ್ಲರೂ ಬಲ್ಲಿರಿ. ಹಿಂದಿನ ಕಾಲದ ಭಕ್ತರೊಬ್ಬರು ಮಠಕ್ಕೆ ಅರ್ಪಿಸಿದ ಆ ಮನೆಯಲ್ಲಿಯೇ ಪಾಠಶಾಲೆಯೂ ಪ್ರಸಾದನಿಲಯವೂ ನಡೆದುಬಂದಿವೆ. ಕಳೆದ ದೀಪಾವಳಿಯಿಂದ ಮೊದಲ್ಗೊಂಡು ಮೃಗಶಿರ ಮಳೆಯವರೆಗೆ ನಡೆದ ಅದರ ಜೀರ್ಣೋದ್ಧಾರವನ್ನು ದಿನವೂ ನಿಂತು ನೋಡಿಕೊಳ್ಳುವ ಸೇವೆಯು ನನ್ನ ಪಾಲಿಗೆ ಬಂದಿತ್ತು. ಅಲ್ಲಿ ಕಂಡುದನ್ನು ನಿವೇದಿಸುವುದೇ ಈ ಉಪನ್ಯಾಸದ ಉದ್ದೇಶವು.

ದೇಹವನ್ನೇ ದೇವಾಲಯವೆಂದು ಬಗೆಯುವ ಮತದಲ್ಲಿ ಕಟ್ಟಡದ ಚಿಂತೆಯೇಕೆ, ಎಂದು ಯಾರಾದರೂ ಕೇಳಬಹುದು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದವರು. ಅಲ್ಲಮಪ್ರಭುಗಳು ಅವರಿಗೆ ಅಂತರಂಗದ ಅರಿವನ್ನು ತೋರಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಸಿದ್ಧರಾಮರಿಗೆ ಅರಿವಾಯಿತು, ಆದರೆ ಕೆರೆಯು ವ್ಯರ್ಥವಾಗಲಿಲ್ಲ, ಅದು ಇಂದಿಗೂ ಸೊಲ್ಲಾಪುರದಲ್ಲಿ ಉಂಟು. ಮಾಡಿದೆನೆಂಬ ಅಹಂಕಾರವು ಹೋಗಬೇಕಲ್ಲದೆ ಮಾಡುವ ಕೈ ನಿಲ್ಲಬೇಕಾದುದಿಲ್ಲ. ದಾಸೋಹ ನಡೆಯುವ ಮನೆಗೆ ಮಾಳಿಗೆ ಬೇಕು; ಆ ಮಾಳಿಗೆಯು ಉಣ್ಣುವವರ ತಲೆಯ ಮೇಲೆ ಬೀಳದಂತಿರಬೇಕು.

ಇನ್ನು ಜೀರ್ಣೋದ್ಧಾರವೆಂಬ ಶಬ್ದವನ್ನು ವಿಚಾರಿಸೋಣ. ನಮ್ಮ ನಾಡಿನ ಹಳೆಯ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಮತ್ತೆ ಮತ್ತೆ ಬರುವುದು. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು, ಜೀರ್ಣವೆಂದರೆ ಸವೆದುದು. ಇವನ್ನು ಮೇಲೆತ್ತುವುದೇ ಉದ್ಧಾರವು. ಗಮನಿಸಬೇಕಾದ ವಿಷಯವೇನೆಂದರೆ, ಪೂಜೆಗೂ ಅನ್ನದಾನಕ್ಕೂ ವಿದ್ಯಾದಾನಕ್ಕೂ ಭೂಮಿಯನ್ನು ಬಿಡುವಾಗಲೇ ಈ ದುರಸ್ತಿಗೂ ಅದರಲ್ಲಿ ಪಾಲನ್ನು ಇಡುತ್ತಿದ್ದರು. ಕಟ್ಟಡವು ಹೊಸದಾಗಿ ಹೊಳೆಯುತ್ತಿರುವಾಗಲೇ ಅದು ಒಂದು ದಿನ ಬಿರಿಯುವುದೆಂಬುದನ್ನು ಅವರು ಬಲ್ಲವರಾಗಿದ್ದರು. ನಾವು ಕಟ್ಟುವಾಗ ಧಾರಾಳಿಗಳು, ಕಾಪಾಡುವಾಗ ಕೃಪಣರು. ಹಿರಿಯ ಮನೆಗೆ ಬಂದ ದುರವಸ್ಥೆಗೆ ಇದೇ ಮೂಲವಾಯಿತು.

ಆ ಮನೆಯ ರಚನೆಯು ನಮ್ಮ ಎರೆಸೀಮೆಯ ದೊಡ್ಡ ಮನೆಗಳಂತೆಯೇ ಇರುವುದು. ಎರಡು ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ. ಒಳಗೆ ಕಂಬ, ಬೋದಿಗೆ, ತೊಲೆ, ಜಂತಿಗಳ ಕಟ್ಟು. ಜಂತಿಗಳ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಬೇವಿನ ತಪ್ಪಲು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರನ್ನು ತಡೆಯುವ ಚೌಳುಮಣ್ಣಿನ ಹೊದಿಕೆ. ವೈಶಾಖದ ಬಿಸಿಲಿನಲ್ಲಿಯೂ ಪಡಸಾಲೆಯು ತಂಪಾಗಿರುವುದಕ್ಕೆ ಈ ದಪ್ಪ ಗೋಡೆಯೂ ಮಣ್ಣಿನ ಮಾಳಿಗೆಯೂ ಕಾರಣ. ಹೀಗಿದ್ದರೂ ಮೂಡಣ ಗೋಡೆಯು ಹೊಟ್ಟೆಬಿಟ್ಟಿತ್ತು. ಮಳೆಗಾಲದ ರಾತ್ರಿಗಳಲ್ಲಿ ಹಾಸಿಗೆಯನ್ನು ಯಾವ ಮೂಲೆಗೆ ಸರಿಸಬೇಕೆಂಬುದನ್ನು ವಿದ್ಯಾರ್ಥಿಗಳು ಪಾಠದಂತೆ ಕಲಿತಿದ್ದರು.

ಭಕ್ತಮಂಡಲಿಯಲ್ಲಿ ಎರಡು ಅಭಿಪ್ರಾಯಗಳು ಹುಟ್ಟಿದವು. ಮನೆಯನ್ನು ನೆಲಸಮಗೊಳಿಸಿ ಕಾಂಕ್ರೀಟಿನ ಕಟ್ಟಡವನ್ನು ಎತ್ತಬೇಕೆಂದು ಕೆಲವರು, ಹಿರಿಯರು ಮುಟ್ಟಿದ ಒಂದು ಕಲ್ಲನ್ನೂ ಕದಲಿಸಬಾರದೆಂದು ಕೆಲವರು. ಎರಡೂ ಭಕ್ತಿಯ ಮಾತುಗಳೇ. ಆದರೆ ಗೋಡೆಯ ಒಳಗನ್ನು ನೋಡಿದವರು ಎರಡು ಪಕ್ಷದಲ್ಲಿಯೂ ಇರಲಿಲ್ಲ. “ಮೊದಲು ತೆರೆದು ನೋಡಿರಿ, ಆಮೇಲೆ ವಾದಿಸಿರಿ” ಎಂದು ಶ್ರೀಗಳವರು ನುಡಿದರು. ಅದರಂತೆ ವಿದ್ಯಾರ್ಥಿಗಳನ್ನು ಕಲ್ಯಾಣಮಂಟಪಕ್ಕೆ ಕಳುಹಿಸಿ, ತೊಲೆಗಳಿಗೆಲ್ಲ ಆಧಾರದ ಕಂಬಗಳನ್ನು ಕೊಟ್ಟು, ಕಾರ್ತಿಕ ಮಾಸದಲ್ಲಿ ಮಾಳಿಗೆಯನ್ನು ತೆರೆದೆವು.

ತೆರೆದಾಗ ಮೊದಲು ಕಂಡುದು ಮಣ್ಣಿನ ಭಾರ. ಸೋರಿದಲ್ಲೆಲ್ಲ ಹಳೆಯ ಮಣ್ಣನ್ನು ತೆಗೆಯದೆ ಅದರ ಮೇಲೆಯೇ ಹೊಸ ಮಣ್ಣನ್ನು ಸುರಿಯುತ್ತ ಬಂದುದರಿಂದ, ಒಂದು ಗೇಣು ಇರಬೇಕಾದ ಮಣ್ಣು ಒಂದೂವರೆ ಮೊಳವಾಗಿತ್ತು. ಈ ಭಾರವು ಎಂತಹ ಅನರ್ಥವನ್ನು ಮಾಡಬಲ್ಲುದೆಂಬುದನ್ನು ನಮ್ಮ ನೆರೆಸೀಮೆಯು ಕಂಡಿದೆ. ೧೯೯೩ನೆಯ ಇಸವಿಯ ಸಪ್ಟೆಂಬರ ೩೦ರ ಬೆಳಗಿನ ಜಾವ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತಲೂ ಭೂಮಿಯು ನಡುಗಿತು. ಮಲಗಿದವರು ಮಲಗಿದಲ್ಲಿಯೇ, ಹಲವು ಸಾವಿರ ಜನರು ಪ್ರಾಣಬಿಟ್ಟರು. ಕೊಂದುದು ಬಹುಮಟ್ಟಿಗೆ ಇಂತಹವೇ ಮನೆಗಳು: ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ದಪ್ಪ ಗೋಡೆಯು ಹೊರಗಿನಿಂದ ಒಂದಾಗಿ ಕಾಣುವುದು, ನಿಜವಾಗಿ ಅದು ಎರಡು ಗೋಡೆ. ಹೊರಮೈ ಒಂದು, ಒಳಮೈ ಒಂದು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡನ್ನೂ ಹೊಲಿಯುವಂತೆ ಆರಪಾರ ಹಾಯುವ ಉದ್ದಗಲ್ಲುಗಳನ್ನು ಇಡದಿದ್ದರೆ, ನಡುಗಿದಾಗ ಒಂದು ಹೊರಗೆ, ಒಂದು ಒಳಗೆ ಬೀಳುವುದು. ಅದೇ ಊರುಗಳಲ್ಲಿ ಗೋಡೆಗಳೆಲ್ಲ ಬಿದ್ದರೂ ಕಟ್ಟಿಗೆಯ ಕಂಬ-ತೊಲೆಗಳ ಕಟ್ಟು ನಿಂತೇ ಇದ್ದ ಮನೆಗಳೂ ಕಂಡುಬಂದವು. ಹಳೆಯದರಲ್ಲಿ ಬಲವೂ ಉಂಟು, ದೋಷವೂ ಉಂಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗೆಂದು ಹೊಸದೆಲ್ಲವೂ ನಿರ್ಭಯವೆಂದು ತಿಳಿಯಲಾಗದು. ೨೦೧೯ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಧಾರವಾಡದಲ್ಲಿ ಇನ್ನೂ ಕಟ್ಟುತ್ತಿದ್ದ ಅನೇಕ ಅಂತಸ್ತುಗಳ ಕಾಂಕ್ರೀಟಿನ ಕಟ್ಟಡವೊಂದು ಕುಸಿದು ಜನರು ಅದರಡಿಯಲ್ಲಿ ಸತ್ತುದನ್ನು ನೀವು ಮರೆತಿರಲಾರಿರಿ. ಆದುದರಿಂದ ಹಳೆಯದೋ ಹೊಸದೋ ಎಂಬ ಪ್ರಶ್ನೆಗಿಂತ, ಒಳಗೆ ಏನಿದೆಯೆಂಬ ಪ್ರಶ್ನೆಯೇ ಮೊದಲು ಕೇಳತಕ್ಕದ್ದು.

ತೊಲೆಗಳನ್ನು ಬಡಿಗರು ಒಂದೊಂದಾಗಿ ಉಳಿಯಿಂದ ಚುಚ್ಚಿ, ಸುತ್ತಿಗೆಯಿಂದ ತಟ್ಟಿ ಪರೀಕ್ಷಿಸಿದರು. ನಡುಭಾಗವೆಲ್ಲ ಗಟ್ಟಿಯಾಗಿ ನಾದಕೊಡುತ್ತಿತ್ತು. ಮೂಡಣ ಗೋಡೆಯೊಳಗೆ ಹೊಕ್ಕ ತುದಿಗಳು ಮಾತ್ರ ಹಿಟ್ಟಿನಂತೆ ಉದುರಿದವು. ಕಟ್ಟಿಗೆಯನ್ನು ಕೊಲ್ಲುವುದು ವಯಸ್ಸಲ್ಲ, ತೇವವು. ತೇವವಿದ್ದಲ್ಲಿ ಗೆದ್ದಲು ಬರುವುದು. ಆದರೆ ಆ ತೇವ ಬಂದುದೆಲ್ಲಿಂದ? ಮಾಳಿಗೆಯ ಸೋರಿಕೆಯಿಂದಲೇ ಎಂದು ಎಲ್ಲರೂ ಎಣಿಸಿದ್ದೆವು.

ಇದರ ನಿರ್ಣಯವನ್ನು ಮಾಡಿದವರು ಇಂಜಿನಿಯರರೂ ಅಲ್ಲ, ಹಿರಿಯ ಗೌಂಡಿಗಳೂ ಅಲ್ಲ. ಮಣ್ಣು ಹೊರುವ ತಾಯಿಯೊಬ್ಬರು ಪುಟ್ಟಿಯನ್ನು ಇಳಿಸಿ, “ಅಪ್ಪಾರ, ಮಳಿ ಹೋಗಿ ಮೂರು ತಿಂಗಳಾತು; ಈ ಮೂಲಿ ಮಣ್ಣು ಇನ್ನೂ ಹಸಿ ಐತಿ, ಹೊರೋದಕ್ಕ ಭಾರ ಐತಿ” ಎಂದರು. ಗೌಂಡಿಗಳು ಆ ಮೂಲೆಯನ್ನು ಅಗೆಸಿದರು. ಪ್ರಸಾದನಿಲಯದ ಬಚ್ಚಲಿನ ಗಟಾರವು ನೆಲದೊಳಗೆ ಒಡೆದು, ನೂರು ಮಕ್ಕಳು ಮಿಂದ ನೀರೆಲ್ಲವೂ ಬಹುದಿನಗಳಿಂದ ಬುನಾದಿಗೆ ಇಳಿಯುತ್ತಿತ್ತು. ನಮ್ಮ ಎರೆಮಣ್ಣು ನೀರುಂಡರೆ ಉಬ್ಬುವುದು, ಒಣಗಿದರೆ ಬಿರಿಯುವುದು. ಒಂದು ಕಡೆ ನಿತ್ಯ ತೇವ, ಉಳಿದ ಕಡೆ ಬಿರಿದ ನೆಲ. ನಡುವೆ ನಿಂತ ಗೋಡೆಯು ಬಾಗದೆ ಏನು ಮಾಡೀತು? ಇದಲ್ಲದೆ ಹೊರಗಿನ ಬೀದಿಗೆ ಮೇಲಿಂದ ಮೇಲೆ ಖಡಿಯನ್ನೂ ಡಾಂಬರನ್ನೂ ಹಾಕಿ ಬೀದಿಯು ಹೊಸ್ತಿಲಿಗಿಂತ ಎತ್ತರವಾಗಿತ್ತು. ಮಳೆಯ ನೀರು ಮನೆಯ ಕಡೆಗೇ ಹರಿಯುತ್ತಿತ್ತು. ಮೂರನೆಯದಾಗಿ, ಗೋಡೆಯ ಕೆಳಭಾಗಕ್ಕೆ ಯಾವಾಗಲೋ ಸಿಮೆಂಟಿನ ಗಿಲಾವು ಮಾಡಿಸಿದ್ದರು. ಸಿಮೆಂಟು ಕೆಟ್ಟ ವಸ್ತುವಲ್ಲ, ಕಾಂಕ್ರೀಟಿನ ಕಟ್ಟಡಕ್ಕೆ ಅದೇ ಜೀವ. ಆದರೆ ಮಣ್ಣಿನ ಗಾರೆಯ ಗೋಡೆಯು ನೆಲದಿಂದ ಹೀರಿದ ತೇವವನ್ನು ತನ್ನ ಮೈಯಿಂದಲೇ ಗಾಳಿಗೆ ಬಿಡಬೇಕು. ಸಿಮೆಂಟಿನ ಕವಚವು ಆ ಉಸಿರನ್ನು ಕಟ್ಟಿತು; ತೇವವು ಮೇಲಕ್ಕೇರಿ ತೊಲೆಗಳ ತುದಿಯನ್ನು ಮುಟ್ಟಿತು. ಹೊರಗೆ ನುಣುಪಾಗಿ ಕಂಡುದು ಒಳಗೆ ರೋಗವಾಯಿತು.

ಕಾರಣವು ತಿಳಿದ ಮೇಲೆ ವಾದವು ತಾನೇ ಶಾಂತವಾಯಿತು. ಮೂಡಣ ಗೋಡೆಯನ್ನು ಉಳಿಸುವಂತಿರಲಿಲ್ಲ. ಅದನ್ನು ಬುಡದವರೆಗೆ ಬಿಚ್ಚಿ, ಕಲ್ಲುಗಳಿಗೆ ಗುರುತು ಹಾಕಿ, ಅವೇ ಕಲ್ಲುಗಳಿಂದ ಮರಳಿ ಕಟ್ಟಿದರು. ಸಾಲುಸಾಲಿಗೂ ಆರಪಾರದ ಉದ್ದಗಲ್ಲುಗಳನ್ನು ಇಟ್ಟರು. ಉಳಿದ ಮೂರು ಗೋಡೆಗಳನ್ನು ಕೆಡವದೆ, ಅಲ್ಲಲ್ಲಿ ರಂಧ್ರ ಮಾಡಿ ಕಬ್ಬಿಣವನ್ನಿಟ್ಟು ಕಾಂಕ್ರೀಟು ತುಂಬಿ ಎರಡು ಮೈಗಳನ್ನು ಬೆಸೆದರು. ಮಾಳಿಗೆ ಕೂಡುವ ಮಟ್ಟದಲ್ಲಿ ನಾಲ್ಕೂ ಗೋಡೆಗಳನ್ನು ಸುತ್ತಿ ಹಿಡಿಯುವ ಕಾಂಕ್ರೀಟಿನ ಪಟ್ಟಿಯನ್ನು ಇಂಜಿನಿಯರರು ಹಾಕಿಸಿದರು. ತೊಲೆಗಳ ಕೊಳೆತ ತುದಿಗಳನ್ನು ಕೊಯ್ದು ಹೊಸ ಸಾಗವಾನಿಯನ್ನು ಕಚ್ಚುಹಾಕಿ ಜೋಡಿಸಿದರು. ಕಂಬ ಮತ್ತು ತೊಲೆಗಳ ಸಂದಿನಲ್ಲಿ ಓರೆ ಆಧಾರಗಳನ್ನು ಕೊಟ್ಟರು. ಮಾಳಿಗೆಗೆ ಗೇಣುದ್ದ ಮಣ್ಣು ಮಾತ್ರ ಮರಳಿತು. ಉಳಿದ ಮಣ್ಣು ಗೋಶಾಲೆಯ ಅಂಗಳವನ್ನು ತುಂಬಿತು. ಹೀಗೆ ಸಿಮೆಂಟು ತನ್ನ ಯೋಗ್ಯ ಸ್ಥಾನದಲ್ಲಿಯೂ, ಸುಣ್ಣವು ತನ್ನ ಸ್ಥಾನದಲ್ಲಿಯೂ ನಿಂತವು.

ಸುಣ್ಣದ ವಿಷಯವನ್ನು ಎರಡು ಮಾತಿನಲ್ಲಿ ಹೇಳದೆ ಮುಂದುವರಿಯಲಾರೆ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಡುವಾಗ ಅದರೊಳಗಿನ ಇಂಗಾಲಾಮ್ಲ ವಾಯುವು ಹೊರಟುಹೋಗುವುದು. ಆ ಸುಟ್ಟ ಕಲ್ಲನ್ನು ಕುಣಿಯ ನೀರಿನಲ್ಲಿ ಅರಳಿಸಿ, ತಿಂಗಳೊಪ್ಪತ್ತು ನೀರಿನೊಳಗೇ ಇರಿಸಿ, ಉಸುಕಿನೊಡನೆ ಗಾಣದಲ್ಲಿ ಅರೆದು, ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಬೆರೆಸಿ ಗಚ್ಚನ್ನು ಮಾಡಿದರು. ಗೋಡೆಗೆ ಹಚ್ಚಿದ ಬಳಿಕ ಅದು ಗಾಳಿಯಿಂದ ಅದೇ ವಾಯುವನ್ನು ಮೆಲ್ಲಮೆಲ್ಲನೆ ಮರಳಿ ಪಡೆದು ಪುನಃ ಕಲ್ಲಾಗುವುದು. ಕಲ್ಲಾಗಿದ್ದುದು ಬೆಂದು, ಕರಗಿ, ಮರಳಿ ಕಲ್ಲಾಗುವ ಈ ಕಾರ್ಯಕ್ಕೆ ಆತುರವು ಸಲ್ಲದು. ಬಿಸಿಲು ಬೀಳದಂತೆ ಗೋಣಿಯನ್ನು ತೂಗಹಾಕಿ ದಿನವೂ ನೀರು ಚಿಮುಕಿಸಬೇಕು.

ಇಲ್ಲಿಯೇ ನಮಗೆ ಕಠಿಣವಾದ ಪರೀಕ್ಷೆಯು ಬಂದಿತು. ಗೃಹಪ್ರವೇಶಕ್ಕೆ ಬಸವಜಯಂತಿಯ ದಿನವು ಗೊತ್ತಾಗಿ, ಆಮಂತ್ರಣಪತ್ರಗಳು ಅಚ್ಚಾಗಿ, ದೂರದ ಊರುಗಳಿಗೆ ಮುಟ್ಟಿದ್ದವು. ಗೋಡೆಗಳು ಇನ್ನೂ ಹಸಿಯಿದ್ದವು. ಮೇಲೆ ಬಣ್ಣವನ್ನು ಬಳಿದುಬಿಟ್ಟರೆ ಬಂದವರಿಗೆ ತಿಳಿಯದೆಂದು ಕೆಲವರು ಸೂಚಿಸಿದರು. ಗೌಂಡಿಗಳು ಮಾತ್ರ ಕೈಮುಗಿದು, “ಈಗ ಬಣ್ಣ ಹಚ್ಚಿದರ ಎರಡು ವರ್ಷಕ್ಕ ಸುಲಿದು ಬೀಳತೈತ್ರಿ, ನಮ್ಮ ಕೈಲಿ ಆಗೂದಿಲ್ಲ” ಎಂದರು. ಶ್ರೀಗಳವರು ಆ ಮಾತನ್ನೇ ಎತ್ತಿಹಿಡಿದರು. ಬಸವಜಯಂತಿಯು ಅಂಗಳದ ಹಂದರದಲ್ಲಿ ನಡೆಯಿತು. ಬಂದ ಭಕ್ತರನ್ನು ಶ್ರೀಗಳವರು ತಾವೇ ಕರೆದುಕೊಂಡು ಹೋಗಿ ಹಸಿಗೋಡೆಯನ್ನೂ, ತೆರೆದ ಗಟಾರವನ್ನೂ, ಉದ್ದಗಲ್ಲುಗಳ ತುದಿಗಳನ್ನೂ ತೋರಿಸಿದರು. ಆ ದಿನದ ಆಶೀರ್ವಚನದಲ್ಲಿ ಮೊದಲ ಸನ್ಮಾನವು ಗೌಂಡಿ, ಬಡಿಗರಿಗೂ, ಮಣ್ಣು ಹೊತ್ತ ಆ ತಾಯಿಗೂ ಸಂದಿತು. ಕಾಯಕವೆಂಬುದು ಕೇವಲ ಭಾಷಣದ ಶಬ್ದವಾಗದೆ ಉಳಿಯಬೇಕಾದರೆ ಸನ್ಮಾನದ ಶಾಲಿನೊಡನೆ ವಾರದ ಕೂಲಿಯೂ ತಪ್ಪದೆ ಸಲ್ಲಬೇಕು. ಶ್ರೀಮಠದಲ್ಲಿ ಅದು ಒಂದು ವಾರವೂ ತಪ್ಪಲಿಲ್ಲವೆಂಬುದನ್ನು ಸಂತೋಷದಿಂದ ನಿವೇದಿಸುತ್ತೇನೆ.

ಶರಣರೆ, ಇದು ಮಠದ ಒಂದು ಮನೆಯ ವೃತ್ತಾಂತವೆಂದು ಕೇಳಿ ಬಿಡಬೇಡಿರಿ. ನಿಮ್ಮಲ್ಲಿ ಅನೇಕರು ಇಂತಹವೇ ಮಾಳಿಗೆಗಳ ಕೆಳಗೆ ಮಲಗುವವರು. ೨೦೦೯ನೆಯ ಇಸವಿಯ ಸಪ್ಟೆಂಬರ ಕೊನೆ, ಅಕ್ಟೋಬರ ಮೊದಲಿನ ಮಹಾಮಳೆಯಲ್ಲಿ ನಮ್ಮ ಉತ್ತರದ ಜಿಲ್ಲೆಗಳ ಅಸಂಖ್ಯ ಮಣ್ಣಿನ ಮನೆಗಳು ಕುಸಿದುದನ್ನು ಕಣ್ಣಾರೆ ಕಂಡಿದ್ದೀರಿ. ಆದುದರಿಂದ ಗೃಹಸ್ಥರಿಗೆ ನಾಲ್ಕು ಬಿನ್ನಹಗಳು. ಒಂದು, ಸೋರಿದ ಮಾಳಿಗೆಯ ಮೇಲೆ ಮಣ್ಣಿನ ಮೇಲೆ ಮಣ್ಣು ಹೇರಬೇಡಿರಿ. ಹಳೆಯದನ್ನು ತೆಗೆದೇ ಹೊಸದನ್ನು ಹಾಕಿರಿ. ಎರಡು, ಗೋಡೆ ಹೊಟ್ಟೆಬಿಟ್ಟಿದ್ದರೆ ಆ ಕೋಣೆಯಲ್ಲಿ ಮಕ್ಕಳನ್ನೂ ಮುದುಕರನ್ನೂ ಮಲಗಿಸಬೇಡಿರಿ, ಬಲ್ಲವರಿಗೆ ತೋರಿಸಿರಿ. ಮೂರು, ನೀರಿನ ದಾರಿಯನ್ನು ಮೊದಲು ಸರಿಪಡಿಸಿರಿ, ಬಣ್ಣವನ್ನು ಕಡೆಗೆ ಹಚ್ಚಿರಿ. ನಾಲ್ಕು, ಕೆಲಸವು ನಡೆಯುವಾಗ ಗೋಡೆ ತೆರೆದಿರುವ ದಿನಗಳಲ್ಲಿಯೇ ಹೋಗಿ ನೋಡಿರಿ, ಕೆಲಸಗಾರರನ್ನು ಕೇಳಿರಿ, ಅವರ ಮಾತನ್ನು ಆಲಿಸಿರಿ. ಮುಚ್ಚಿದ ಮೇಲೆ ನೋಡುವುದಕ್ಕೆ ಏನೂ ಉಳಿಯದು. ನಮ್ಮ ಖರ್ಚಿನ ಲೆಕ್ಕದಲ್ಲಿಯೂ ಮೂರರಲ್ಲಿ ಎರಡು ಪಾಲು ಇಂದು ಯಾರ ಕಣ್ಣಿಗೂ ಕಾಣದ ಕೆಲಸಕ್ಕೇ ಸಂದಿದೆ.

ಕೊನೆಯದಾಗಿ ಮಹಾಸಭೆಗೆ ಒಂದು ಪ್ರಾರ್ಥನೆ. ಈ ಮಹೋತ್ಸವದಲ್ಲಿ ಕಾಣಿಕೆಯಾಗಿ ಬಂದ ದ್ರವ್ಯದಲ್ಲಿ ಒಂದು ಪಾಲನ್ನು, ಹಿಂದಿನ ಶಾಸನಕರ್ತರಂತೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಬೇರೆಯಾಗಿಯೇ ಇಡಬೇಕು. ವರ್ಷವರ್ಷವೂ ರೋಹಿಣಿ ಮಳೆಗೆ ಮುನ್ನ ಮಾಳಿಗೆ, ಕುಂಬಿ, ಗಟಾರಗಳನ್ನು ಪರೀಕ್ಷಿಸಿ, ಕಂಡುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಹೀಗೆ ಮಾಡಿದರೆ ಮುಂದಿನ ಐವತ್ತು ವರ್ಷಗಳ ತರುವಾಯ ಈ ವೇದಿಕೆಯಲ್ಲಿ ನಿಲ್ಲುವವರಿಗೆ ಜೀರ್ಣೋದ್ಧಾರದ ಉಪನ್ಯಾಸವನ್ನು ಮಾಡುವ ಪ್ರಸಂಗವೇ ಬಾರದು. ಮೃಗಶಿರದ ಮೊದಲ ಮಳೆಯು ಬಂದ ರಾತ್ರಿ ಹಿರಿಯ ಮನೆಯಲ್ಲಿ ಯಾವ ವಿದ್ಯಾರ್ಥಿಯೂ ಹಾಸಿಗೆಯನ್ನು ಸರಿಸಲಿಲ್ಲ. ಅದೇ ಈ ಸೇವೆಗೆ ದೊರೆತ ಪ್ರಸಾದವು.

ಶ್ರೀಗುರುವಿನ ಕರುಣೆಯಿಂದ ನಿಮ್ಮೆಲ್ಲರ ಮನೆಗಳೂ ಮನಗಳೂ ದೃಢವಾಗಿ ನಿಲ್ಲಲೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.