ಮೊದಲು ದಾಸ್ತಾನು, ಆಮೇಲೆ ದುರಸ್ತಿ
(ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ, ಚಾಮರಾಜಪೇಟೆಯ ಒಬ್ಬ ವ್ಯಾಪಾರಿ. ವರ್ಷಕ್ಕೊಮ್ಮೆ ದಾಸ್ತಾನು ಎಣಿಸಿ, ಕೆಟ್ಟದ್ದು ಯಾವುದು, ಕೆಡುವ ಸೂಚನೆಯುಳ್ಳದ್ದು ಯಾವುದು ಎಂದು ಬರೆದಿಡುವುದು ನಮ್ಮ ಕಸುಬಿನ ಮೊದಲ ಪಾಠ. ಬಸದಿಯ ಮಹಡಿಯಲ್ಲಿ ಹಳೆಯ ಲೋಹಬಿಂಬ, ತಾಳೆಯೋಲೆಯ ಕಟ್ಟು, ವರ್ಣಚಿತ್ರಗಳ ಚಿಕ್ಕ ಸಂಗ್ರಹಾಲಯವೊಂದನ್ನು ಏರ್ಪಡಿಸುವ ಸಂಕಲ್ಪವಾಗಿರುವುದರಿಂದ, ಆ ಪಾಠವನ್ನೇ ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ.

ಒಂದೇ ಕೋಣೆಯಲ್ಲಿದ್ದ ಮಾತ್ರಕ್ಕೆ ಎಲ್ಲ ವಸ್ತುಗಳ ರೋಗವೂ ಒಂದೇ ಅಲ್ಲ. ನಮ್ಮ ನಗರದ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿ ಕೆ. ವೆಂಕಟಪ್ಪನವರ (1886–1965) ಜಲವರ್ಣ ಚಿತ್ರಗಳೂ ಪ್ಲಾಸ್ಟರಿನ ಉಬ್ಬುಶಿಲ್ಪಗಳೂ ಇವೆ. ಜಲವರ್ಣಕ್ಕೆ ಬೆಳಕೇ ವೈರಿ; ಸುಮಾರು 50 ಲಕ್ಸ್ ಮೀರಬಾರದೆಂದು ಬಲ್ಲವರು ಹೇಳುತ್ತಾರೆ. ಪ್ಲಾಸ್ಟರಿಗಾದರೋ ತೇವದ ಭಯ.

ತಾಳೆಯೋಲೆಗೆ ಹುಳುವಿನ ಕಾಟ, ಒಣಗಿ ಮುರಿಯುವ ಕಾಟ ಎರಡೂ ಉಂಟು. ಮೂಡಬಿದಿರೆಯ ಧವಲಾದಿ ಸಿದ್ಧಾಂತಗ್ರಂಥಗಳ 12ನೆಯ ಶತಮಾನದ ಸಚಿತ್ರ ಓಲೆಗಳು ಇಂದಿಗೂ ಉಳಿದಿರುವುದು ನಮ್ಮ ಪುಣ್ಯ. ಆದರೂ ಕೆಲವು ಗರಿಗಳು ಜೀರ್ಣವಾದವು. ಅವುಗಳಿಗೆ ಪ್ರತಿ ಮಾಡಿಸಲು 19ನೆಯ ಶತಮಾನದ ಕೊನೆಯಲ್ಲಿ ಮುಂದಾದವರು ಮುಂಬಯಿಯ ಸೇಠ್ ಮಾಣಿಕ್‌ಚಂದ್, ಸೊಲ್ಲಾಪುರದ ಸೇಠ್ ಹೀರಾಚಂದ್ ನೇಮಚಂದ್ ಮೊದಲಾದವರು; ವ್ಯಾಪಾರಿಗಳೇ ಎಂಬುದನ್ನು ತುಸು ಹೆಮ್ಮೆಯಿಂದಲೇ ಹೇಳುತ್ತೇನೆ. ಧವಲಾ ಅಚ್ಚಿಗೆ ಬಂದುದು 1939ರಿಂದೀಚೆಗೆ.

ಇನ್ನು ಬಿಂಬಗಳ ವಿಷಯ. ಉತ್ಸವದ ನಿಮಿತ್ತ ಇವನ್ನೆಲ್ಲ ಹುಣಿಸೆಹಣ್ಣು ಹಾಕಿ ಉಜ್ಜಿಸಿ ಥಳಥಳಿಸುವಂತೆ ಮಾಡಬೇಕೆಂಬ ಸಲಹೆ ಬಂದಿದೆ. ಸಲಹೆ ಕೊಟ್ಟವರ ಭಕ್ತಿಯಲ್ಲಿ ನನಗೆ ಸಂದೇಹವಿಲ್ಲ. ಸಲಹೆಯನ್ನು ಮಾತ್ರ ಒಪ್ಪಲಾರೆ. ಇಂತಹ ಬಿಂಬಗಳ ಪೀಠದಲ್ಲಿ ಮಾಡಿಸಿಕೊಟ್ಟವರ ಹೆಸರು, ಗುರುಗಳ ಹೆಸರು ಸಣ್ಣ ಅಕ್ಷರಗಳಲ್ಲಿ ಕೊರೆದಿರುವುದುಂಟು. ಉಜ್ಜಿದಷ್ಟೂ ಅಕ್ಷರ ಸವೆಯುತ್ತದೆ. ಸವೆದುಹೋದ ಮೇಲೆ ಆ ದಾನಿ ಯಾರೆಂದು ಯಾರನ್ನು ಕೇಳೋಣ? ಮೈಗೆ ಅಂಟಿದ ಗಟ್ಟಿಯಾದ ಕಪ್ಪು-ಹಸುರು ಪದರದಿಂದ ಹಾನಿಯಿಲ್ಲ. ತಿಳಿಹಸುರು ಪುಡಿ ಉದುರುತ್ತಿದ್ದರೆ ಅದು ಉಪ್ಪಿನಂಶವೂ ತೇವವೂ ಕೂಡಿ ಲೋಹವನ್ನು ತಿನ್ನುತ್ತಿರುವ ಗುರುತು. ಅಂತಹುದನ್ನು ಬೇರೆಯಿರಿಸಿ ತಜ್ಞರಿಗೆ ತೋರಿಸತಕ್ಕದ್ದು. ನಿತ್ಯಪೂಜೆಯ ಬಿಂಬಗಳಿಗೆ ಅಭಿಷೇಕ ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಅಭಿಷೇಕವಾದ ಬಳಿಕ ಸಂದುಗಳಲ್ಲಿ ನೀರು ನಿಲ್ಲದಂತೆ ಮೃದುವಾದ ಬಟ್ಟೆಯಿಂದ ಒರೆಸಿದರೆ ಸಾಕು.

ಆದ್ದರಿಂದ ಗಾಜಿನ ಬೀರು ಕೊಳ್ಳುವ ಮೊದಲು ಒಂದು ದಪ್ಪ ಪುಸ್ತಕ ಕೊಳ್ಳೋಣ. ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ, ಅಳತೆ, ಛಾಯಾಚಿತ್ರ, ಪೀಠದ ಬರಹ, ಈಗಿರುವ ಸ್ಥಿತಿ ಇಷ್ಟನ್ನು ಬರೆಯೋಣ. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಹೋಲಿಸಿ ನೋಡಿದರೆ ಯಾವುದಕ್ಕೆ ಮೊದಲು ಹಣ ವೆಚ್ಚ ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ. ಅಕ್ಷರ ಚೆನ್ನಾಗಿರುವ ಇಬ್ಬರು ತರುಣರನ್ನು ಸಮಿತಿಯವರು ಕೊಡಲಿ. ಪುಸ್ತಕದ ಮತ್ತು ಛಾಯಾಚಿತ್ರದ ವೆಚ್ಚ ನನ್ನದು.