ಬೆಂಗಳೂರು ಪೇಟೆಯ ಸ್ವರೂಪವೂ ಚರಿತ್ರವೂ



ಬೆಂಗಳೂರೆಂದೊಡನೆ ಈಗಿನವರ ಕಣ್ಣಮುಂದೆ ನಿಲ್ಲತಕ್ಕವು ದಿಕ್ಕುದಿಕ್ಕಿಗೂ ಹಬ್ಬಿದ ಬಡಾವಣೆಗಳು, ಗಾಜಿನ ಗೋಡೆಗಳ ಸೌಧಗಳು. ಆದರೆ ಈ ಮಹಾವೃಕ್ಷಕ್ಕೆ ಬೇರೆನಿಸಿದ್ದು ಕಾಲುನಡಿಗೆಯಲ್ಲಿಯೇ ಸುತ್ತಿ ಬರಬಹುದಾದ ಹಳೆಯ ಪೇಟೆ. ಯಲಹಂಕ ನಾಡಪ್ರಭುಗಳಾದ ಕೆಂಪೇಗೌಡರು 1537ರಲ್ಲಿ ಇದಕ್ಕೆ ತಳಹದಿ ಹಾಕಿದರು. ನಾಲ್ಕು ನೇಗಿಲುಗಳಿಗೆ ಎತ್ತುಗಳನ್ನು ಹೂಡಿ ನಾಲ್ದೆಸೆಗೆ ಹೊಡೆಯಿಸಿ, ಗೆರೆ ಬಿದ್ದ ಕಡೆ ಬೀದಿಗಳನ್ನು ನಿರ್ಮಿಸಿದರೆಂದು ಜನರು ಹೇಳುತ್ತ ಬಂದಿದ್ದಾರೆ. ಕಥೆ ಹೇಗಾದರೂ ಇರಲಿ, ತೆಂಕು ಬಡಗಾಗಿ ದೊಡ್ಡಪೇಟೆ, ಮೂಡು ಪಡುವಾಗಿ ಚಿಕ್ಕಪೇಟೆ, ಇವೆರಡೂ ಕೂಡುವ ಚೌಕ, ಸುತ್ತಲೂ ಮಣ್ಣಿನ ಕೋಟೆ, ಕಂದಕ, ಬಾಗಿಲುಗಳು, ಈ ವಿನ್ಯಾಸವು ಈಗಲೂ ನಡೆದು ನೋಡಿದವರಿಗೆ ಗೋಚರವಾಗುವುದು. ದೊಡ್ಡಪೇಟೆ ಅವೆನ್ಯೂ ರಸ್ತೆಯಾಯಿತು. ಹಲಸೂರು ಬಾಗಿಲು ಬಿದ್ದುಹೋಗಿ ಎಷ್ಟೋ ಕಾಲವಾದರೂ ‘ಹಲಸೂರು ಗೇಟ್’ ಎಂಬ ಹೆಸರು ಬಿದ್ದಿಲ್ಲ.

ಈ ಪೇಟೆ ಯಾರದು? ಕಟ್ಟಿಸಿದ ಪ್ರಭುಗಳ ವಂಶದವರದೆಂದು ಕೆಲವರು, ವ್ಯಾಪಾರವನ್ನು ಬೆಳೆಯಿಸಿದ ಬಣಜಿಗರದೆಂದು ಕೆಲವರು, ನೇಕಾರರದೆಂದು ಮತ್ತೆ ಕೆಲವರು ಹೇಳುವುದುಂಟು. ಬೀದಿಗಳ ಹೆಸರುಗಳನ್ನೇ ಕೇಳಿದರೆ ಅವು ಕೊಡುವ ಉತ್ತರ ಬೇರೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ, ಇವು ಸರಕಿನ ಹೆಸರುಗಳು. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಕುರುಬರಪೇಟೆ, ತಿಗಳರಪೇಟೆ, ನಗರ್ತಪೇಟೆ, ಇವು ಆಯಾ ಕಸುಬಿನ ಜನರ ಹೆಸರುಗಳು. ಕಲ್ಯಾಣದ ಅನುಭವಮಂಟಪದಲ್ಲಿ ಕುಂಬಾರ ಗುಂಡಯ್ಯನವರೂ ಅಂಬಿಗರ ಚೌಡಯ್ಯನವರೂ ಮಡಿವಾಳ ಮಾಚಯ್ಯನವರೂ ತಮ್ಮ ತಮ್ಮ ಕಾಯಕದ ಹೆಸರಿನಿಂದಲೇ ಪ್ರಸಿದ್ಧರಾದುದನ್ನು ಬಲ್ಲ ಸದ್ಭಕ್ತರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಪೇಟೆಯು ಅನುಭವಮಂಟಪವಾಗಿರಲಿಲ್ಲವೆಂಬುದನ್ನೂ ಒಡನೆಯೇ ಹೇಳಬೇಕು. ಅಲ್ಲಿ ಒಬ್ಬರು ಇನ್ನೊಬ್ಬರ ಮನೆಯಲ್ಲಿ ಉಣ್ಣುತ್ತಿರಲಿಲ್ಲ, ಹೆಣ್ಣು ಕೊಟ್ಟು ತರುತ್ತಿರಲಿಲ್ಲ. ಆದರೂ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಒಲೆ ಹೊತ್ತುತ್ತಿರಲಿಲ್ಲ.

ಒಂದು ಸೀರೆಯನ್ನೇ ತೆಗೆದುಕೊಳ್ಳೋಣ. ಅರಳೆಯು ಬಡಗಣ ಸೀಮೆಯಿಂದ ಎತ್ತುಗಳ ಮೇಲೆ ಬರಬೇಕು. ಅದನ್ನು ಪಿಂಜಾರನು ಹಿಂಜಬೇಕು. ನೂಲಿಗೆ ಬಣ್ಣ ಕಟ್ಟಬೇಕು. ದೇವಾಂಗನ ಮಗ್ಗಕ್ಕೆ ಏರಬೇಕು. ರೇಷ್ಮೆಯಾದರೆ ಪಟ್ಟೆಗಾರನೋ ಖತ್ರಿಯೋ ನೇಯಬೇಕು. ಮಗ್ಗದ ಮರಮುಟ್ಟಿಗೆ ಪಾಂಚಾಳನ ಕೈ ಬೇಕು. ಕಡೆಗೆ ವರ್ತಕನ ಅಂಗಡಿಗೆ ಬರಬೇಕು. ಇಷ್ಟು ಜನರ ಮನೆಮಾತು ಕನ್ನಡ, ತೆಲುಗು, ಮರಾಠಿ, ಸೌರಾಷ್ಟ್ರ, ಉರ್ದು ಎಂದು ಬೇರೆ ಬೇರೆ. ವ್ಯವಹಾರದಲ್ಲಿ ಒಬ್ಬರ ಮಾತು ಇನ್ನೊಬ್ಬರ ನಾಲಗೆಗೆ ಅಂಟಿಕೊಂಡಿತು.

ಇವರೆಲ್ಲರೂ ಒಂದೇ ಸಲಕ್ಕೆ ಬಂದವರಲ್ಲ. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಊರನ್ನು ವಶಪಡಿಸಿಕೊಂಡ ಮೇಲೆ ಅದು ಷಹಾಜಿಗೆ ಜಹಗೀರಾಯಿತು. ಮರಾಠಿ ಮಾತನಾಡುವವರು ಬೆಳೆದರು. 1687ರಲ್ಲಿ ಮೊಗಲರ ಕೈ ಸೇರಿ, 1690ರ ಸುಮಾರಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಂದಿತು. ಮೂರು ಲಕ್ಷ ರೂಪಾಯಿಗೆ ಕ್ರಯವಾಯಿತೆಂದು ಚರಿತ್ರಕಾರರು ಬರೆಯುತ್ತಾರೆ. ಅರಸರು ಬದಲಾಗುತ್ತಿದ್ದರು, ಬಂದ ನೇಕಾರನು ಮಾತ್ರ ಮಗ್ಗದ ಗುಂಡಿಯನ್ನು ತೋಡಿ ಇಲ್ಲಿಯೇ ಕುಳಿತನು.

ಹಿಂದಿನದೆಲ್ಲವೂ ಸಾಮರಸ್ಯವೇ ಆಗಿತ್ತೆಂದು ವರ್ಣಿಸುವ ವಾಡಿಕೆಯೊಂದುಂಟು. ಅದು ಕೇಳುವುದಕ್ಕೆ ಇಂಪಾದರೂ ನಿಜವಲ್ಲ. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕ್ಯಾನನ್ ಎಂಬ ವೈದ್ಯನು ಬಲಗೈ ಎಡಗೈ ಪಂಗಡಗಳ ಕಲಹವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬಲಗೈಗೆ ಬಣಜಿಗರು ಮುಖ್ಯರು, ಎಡಗೈಗೆ ಪಾಂಚಾಳರು. ಮದುವೆಯ ಚಪ್ಪರಕ್ಕೆ ಹನ್ನೆರಡು ಕಂಬ ನಿಲ್ಲಿಸುವ ಹಕ್ಕು ತಮಗೆ ಮಾತ್ರ ಉಂಟೆಂದೂ, ಎದುರು ಪಂಗಡದವರು ಮೆರವಣಿಗೆಯಲ್ಲಿ ಕುದುರೆ ಏರಲಾಗದೆಂದೂ, ಹನುಮಂತನ ಚಿತ್ರದ ಧ್ವಜ ಹಿಡಿಯಲಾಗದೆಂದೂ ಬಲಗೈಯವರು ವಾದಿಸುತ್ತಿದ್ದರಂತೆ. ಒಂದು ಕಂಬಕ್ಕಾಗಿ ನೆರೆಹೊರೆಯವರು ಜಗಳವಾಡಿದುದು ಈಗ ನಗೆಗೇಡೆನಿಸೀತು. ಆದರೆ ಆ ಕಂಬದಲ್ಲಿ ಮನೆತನದ ಮಾನವಿತ್ತು. ನಗರ್ತರೆಂಬ ಒಂದೇ ಸಮುದಾಯದಲ್ಲಿ ಶಿವಾಚಾರದವರೂ ನಾಮಧಾರಿಗಳೂ ಇದ್ದರೆಂಬುದನ್ನು ನೆನೆದರೆ, ಪೇಟೆಯಲ್ಲಿ ಭೇದದ ಗೆರೆಗಳು ಎಷ್ಟು ಅಡ್ಡಡ್ಡವಾಗಿ ಹಾಯುತ್ತಿದ್ದವೆಂಬುದು ತಿಳಿದೀತು. ಒಂದು ಗೆರೆಯು ಬೇರೆ ಮಾಡಿದವರನ್ನು ಇನ್ನೊಂದು ಗೆರೆ ಒಂದು ಕಡೆಗೆ ಸೇರಿಸುತ್ತಿತ್ತು. ಪೇಟೆ ಒಡೆಯದೆ ಉಳಿದುದಕ್ಕೆ ಇದೂ ಒಂದು ಕಾರಣವೆಂದು ತೋರುತ್ತದೆ.

ಅದಕ್ಕಿಂತ ದೊಡ್ಡ ಪೆಟ್ಟು ಹೊರಗಿನಿಂದ ಬಂದಿತು. 1791ನೆಯ ಮಾರ್ಚಿ 7ರಂದು ಕಾರ್ನ್‌ವಾಲಿಸನ ಸೈನ್ಯವು ಪೇಟೆಯ ಬಾಗಿಲನ್ನು ಒಡೆಯಿತು; ಕರ್ನಲ್ ಮೂರ್‌ಹೌಸನು ಆ ಕಾದಾಟದಲ್ಲಿಯೇ ಮಡಿದನು. ಎರಡು ವಾರಗಳ ತರುವಾಯ, 21ರ ರಾತ್ರಿ, ತೆಂಕಣ ಕಲ್ಲುಕೋಟೆಯೂ ಬಿದ್ದಿತು. ನಡುವೆ ಪೇಟೆಯ ಜನರು ಅನುಭವಿಸಿದ್ದೇನೆಂಬುದನ್ನು ಸೇನಾನಿಗಳ ವರದಿಗಳು ಅಷ್ಟಾಗಿ ಹೇಳುವುದಿಲ್ಲ. ಬುಕ್ಯಾನನ್ ಬಂದಾಗ ಚದರಿಹೋಗಿದ್ದವರು ಮರಳಿ ಬಂದು ಅಂಗಡಿ ತೆರೆಯುತ್ತಿದ್ದರು. ಗೋಡೆ ಕಟ್ಟುವವನು, ಗಡಿಗೆ ಮಾಡುವವನು, ಎಣ್ಣೆ ತೆಗೆಯುವವನು, ಸಾಲ ಕೊಡುವವನು, ಎಲ್ಲರೂ ಒಟ್ಟಿಗೆ ಮರಳಿದ್ದರಿಂದಲೇ ಊರು ಊರಾಯಿತು. ಒಂದೇ ಕುಲದವರು ಮರಳಿದ್ದರೆ ಅದು ಬಿಡಾರವಾಗುತ್ತಿತ್ತಲ್ಲದೆ ಪೇಟೆಯಾಗುತ್ತಿರಲಿಲ್ಲ.

ಇನ್ನು ಕರಗದ ವಿಷಯ. ತಿಗಳರಪೇಟೆಯ ಧರ್ಮರಾಯಸ್ವಾಮಿಯ ಗುಡಿಯಿಂದ ಚೈತ್ರ ಪೂರ್ಣಿಮೆಯ ರಾತ್ರಿ ಹೊರಡತಕ್ಕ ಈ ಉತ್ಸವದಲ್ಲಿ, ತಿಗಳ ಸಮುದಾಯದ ಅರ್ಚಕನು ಸ್ತ್ರೀವೇಷದಿಂದ ದ್ರೌಪದೀದೇವಿಯ ಹೂವಿನ ಕರಗವನ್ನು ತಲೆಯ ಮೇಲೆ ಹೊರುತ್ತಾನೆ. ಕತ್ತಿ ಹಿಡಿದ ವೀರಕುಮಾರರು ಸುತ್ತುವರಿಯುತ್ತಾರೆ. ತೋಟಗಾರಿಕೆಯ ಜನರಾದ ತಿಗಳರ ಈ ದೇವಿಗೆ ಪೇಟೆಯ ಬೀದಿಬೀದಿಯೂ ಆರತಿ ಎತ್ತುತ್ತದೆ. ಕರಗವು ಅರಳೆಪೇಟೆಯ ಕಡೆಗೆ, ಈಗಿನ ಕಾಟನ್‌ಪೇಟೆಗೆ, ನಡೆದು ಅಲ್ಲಿ ತವಕ್ಕಲ್ ಮಸ್ತಾನ್ ಎಂಬ ಸೂಫಿ ಸಂತನ ದರ್ಗಾಕ್ಕೆ ಭೇಟಿಯಿತ್ತು ಮುಂದುವರಿಯುತ್ತದೆ. ಇದರ ಮೂಲದ ಬಗೆಗೆ ಕಥೆಗಳು ಹಲವು. ಗಮನಿಸತಕ್ಕದ್ದು ಇಷ್ಟೇ: ಇಲ್ಲಿ ಯಾರೂ ತಮ್ಮ ದೇವರನ್ನು ಬಿಟ್ಟುಕೊಟ್ಟಿಲ್ಲ. ದ್ರೌಪದಿಯು ದ್ರೌಪದಿಯಾಗಿಯೇ ಹೋಗುತ್ತಾಳೆ, ದರ್ಗಾವು ದರ್ಗಾವಾಗಿಯೇ ಎದುರುಗೊಳ್ಳುತ್ತದೆ. ನೆರೆಯವನ ಹೊಸ್ತಿಲಿಗೆ ಹೋಗಿ ಬರುವ ಮರ್ಯಾದೆ ಅದು. ಈ ಮರ್ಯಾದೆಯನ್ನು ಯಾವ ಅರಸನ ಶಾಸನವೂ ವಿಧಿಸಿದುದಲ್ಲ. ನಡೆಯಿಸಿದಷ್ಟು ದಿನ ನಡೆಯುವುದು, ಬಿಟ್ಟರೆ ಒಂದೇ ವರ್ಷದಲ್ಲಿ ಕಡಿದುಹೋಗತಕ್ಕದ್ದು.

1898ರಲ್ಲಿ ಪ್ಲೇಗು ಬಂದಿತು. ಇಕ್ಕಟ್ಟಿನ ಓಣಿಗಳೇ ಮೃತ್ಯುವಿನ ದಾರಿಗಳಾದವು. ಆ ಕಾಲದಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರದ ಬಡಾವಣೆಗಳು ಬೆಳೆದವು; ಉಳ್ಳವರು ಗಾಳಿ ಬೆಳಕುಗಳಿದ್ದ ಕಡೆಗೆ ಹೋದರು. ಪ್ರಾಣಭಯದಿಂದ ಹೋದವರನ್ನು ದೂಷಿಸಲಾಗದು. ಆದರೆ ಅಂಗಡಿಯೂ ಮನೆಯೂ ಒಂದೇ ಸೂರಿನಡಿ ಇದ್ದ ಬಾಳು ಅಂದಿನಿಂದ ಸಡಿಲವಾಯಿತು. ನೀರಿನ ಆಶ್ರಯಗಳೂ ಮಾಯವಾದವು: ಸಿದ್ಧಿಕಟ್ಟೆಯ ಸ್ಥಳದಲ್ಲಿ 1921ರ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಂತಿದೆ, ಧರ್ಮಾಂಬುಧಿ ಕೆರೆಯಿದ್ದೆಡೆ ಬಸ್ಸುಗಳು ನಿಲ್ಲುತ್ತವೆ. 2017ರಿಂದ ಚಿಕ್ಕಪೇಟೆಯ ನೆಲದಡಿಯಲ್ಲಿ ಮೆಟ್ರೋ ರೈಲು ಓಡುತ್ತಿದೆ. ಬಳೇಪೇಟೆಯಲ್ಲಿ ಬಳೆಗಳಿಗಿಂತ ವೀಣೆ, ತಬಲಾ, ಹಾರ್ಮೋನಿಯಂಗಳ ಅಂಗಡಿಗಳು ಹೆಸರಾಗಿವೆ. ಮಾರವಾಡಿ, ಗುಜರಾತಿ ವರ್ತಕರು ಬಂದು ನೆಲೆಸಿದ್ದಾರೆ. ಅವರನ್ನು ಹೊರಗಿನವರೆನ್ನುವವರು, ಪಟ್ಟೆಗಾರರೂ ಮರಾಠರೂ ಒಂದು ಕಾಲಕ್ಕೆ ಹೀಗೆಯೇ ಬಂದವರೆಂಬುದನ್ನು ಮರೆಯುತ್ತಾರೆ.

ಹಗಲು ಸಾವಿರಾರು ಜನ ನೂಕುವ ಓಣಿಗಳಲ್ಲಿ ರಾತ್ರಿ ಬಾಗಿಲು ತೆರೆದಿರುವ ಮನೆಗಳು ಕಡಮೆಯಾಗುತ್ತಿವೆ. ಕರಗದ ಇರುಳು ಮಾತ್ರ ಬಡಾವಣೆಗಳಿಗೆ ಹೋದ ಮನೆತನಗಳವರು ಮಕ್ಕಳು ಮೊಮ್ಮಕ್ಕಳೊಡನೆ ಬಂದು, ಹಿರಿಯರ ಮನೆಯಿದ್ದ ಜಾಗದಲ್ಲಿ ಈಗಿರುವ ಅಂಗಡಿಯ ಜಗಲಿಯ ಮೇಲೆ ಕುಳಿತು, ಗಂಟೆಯ ಸದ್ದು ಯಾವ ಬೀದಿಯಿಂದ ಬರುತ್ತಿದೆಯೆಂದು ಕಿವಿಗೊಟ್ಟು ಕಾಯುತ್ತಾರೆ.